ಎಡಕ್ಕೆ ವಾಲಿದ ಗೆರೆಗಳು

ತುರ್ಕಿಯ ಸಿವಾಸ್ ಪಟ್ಟಣದ ಕಮ್ಮಾರಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಲೀತ್ ಉಸ್ತಾ ಕುಲುಮೆಯ ಮುಂದೆ ನಿಂತು ಬೆರಳು ದಪ್ಪದ ಸರಳೊಂದನ್ನು ಕೆಂಪಗೆ ಕಾಯಿಸುತ್ತಾರೆ. ಒಂದು ತುದಿಯನ್ನು ವೈಸ್‌ನ ಕಬ್ಬಿಣದ ದವಡೆಗೆ ಸಿಕ್ಕಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚುತ್ತಾರೆ. ತಿರುಚಬೇಕಿದ್ದದ್ದು ಎಡಕ್ಕೆ. "ಥೂ, ಮತ್ತೆ ಬಲಕ್ಕೇ ಹೋಯ್ತು" ಎಂದು ಗೊಣಗಿ ಸರಳನ್ನು ಮೂಲೆಗೆ ಎಸೆಯುತ್ತಾರೆ. ಮೂಲೆಯಲ್ಲಿ ಅಂಥವುಗಳ ರಾಶಿಯೇ ಇದೆ.

ಉಸ್ತಾ ಎಂದರೆ ಕಸುಬಿನ ಗುರು. ಎಪ್ಪತ್ತೊಂದರ ಈ ಮನುಷ್ಯ ಮಾಡುವುದು ಹಳೆಯ ಕಾಲದ ತುರ್ಕಿ ಕೋವಿಯ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಬೆಸೆದು ಸರಳು ಮಾಡಬೇಕು, ತಿರುಚಬೇಕು, ಅಂಥ ನಾಲ್ಕನ್ನು ಒತ್ತಾಗಿ ಜೋಡಿಸಿ ಕಂಬಿಯೊಂದಕ್ಕೆ ಬಳ್ಳಿಯಂತೆ ಸುತ್ತಿ ಬಡಿಯಬೇಕು. ಒಂದು ನಳಿಗೆಗೆ ನಲವತ್ತು ದಿನ, ಇನ್ನೂರಕ್ಕೂ ಹೆಚ್ಚು ಸಲ ಬೆಂಕಿ. ಅಷ್ಟಾದರೂ ಅದು ಬೋಳು ಕೊಳವೆ. ಉಜ್ಜಿ ಆಮ್ಲದಲ್ಲಿ ಅದ್ದಿದಾಗಲೇ ಕಪ್ಪು ಬಿಳುಪಿನ ಹೆಣಿಗೆ ಎದ್ದು ಬರುವುದು. ಅಕ್ಕಪಕ್ಕದ ಸರಳುಗಳು ಎದುರುಬದುರು ತಿರುಚಿದ್ದರೆ ಜಡೆ ಹೆಣೆದಂತೆ ಕಾಣುತ್ತದೆ. ತಪ್ಪಿದ್ದರೂ ಗೊತ್ತಾಗುವುದು ಆಗಲೇ.

ನಾನು ಈ ಬೀದಿಗೆ ಬಂದು ಹನ್ನೊಂದು ವರ್ಷ. ಉಸ್ತಾ ಅವರ ಹೆಂಡತಿ ಮುಕದ್ದೆಸ್ ದಿನಾ ಕುಲುಮೆಗೆ ಬರುವುದು ಬುತ್ತಿ ಕೊಡಲು ಎಂದೇ ನಾನು ತಿಳಿದಿದ್ದೆ. ಬೀದಿಗೆ ಬೀದಿಯೇ ಹಾಗೆ ತಿಳಿದಿತ್ತು. ಅಸಲಿಗೆ ಬಾಗಿಲು ಹಾಕಿಕೊಂಡು ಆಕೆ ಸರಳು ತಿರುಚುತ್ತಿದ್ದರು. ಎಡಚರು. ಆಕೆ ತಿರುಚಿದ್ದು ತಾನಾಗಿ ಎಡಕ್ಕೆ, ಗಂಡ ತಿರುಚಿದ್ದು ಬಲಕ್ಕೆ. ನಲವತ್ತನಾಲ್ಕು ವರ್ಷದಲ್ಲಿ ಇಬ್ಬರೂ ದಿಕ್ಕಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ, ಆಡುವ ಅಗತ್ಯವೇ ಬಿದ್ದಿರಲಿಲ್ಲ.

ಹೋದ ಚಳಿಗಾಲದಲ್ಲಿ ಮುಕದ್ದೆಸ್ ತೀರಿಕೊಂಡರು. ಆಮೇಲೆ ಒಬ್ಬರೇ ಮಾಡಿದ ಮೊದಲ ನಳಿಗೆಯನ್ನು ಉಸ್ತಾ ಆಮ್ಲದಿಂದ ಎತ್ತಿದಾಗ ಗೆರೆಗಳೆಲ್ಲ ಬಲಕ್ಕೇ ವಾಲಿದ್ದವು. ಎದುರಿನ ಚಹಾ ಅಂಗಡಿಯ ರುಸ್ತೆಮ್, "ಏನ್ ಉಸ್ತಾ, ಇದಕ್ಕೆ ಗಾಳಿ ಹೊಡೀತಾ?" ಎಂದು ಕೆಣಕಿದರು. ಉಸ್ತಾ ಅಲ್ಲೇ ಕೂತು ಅತ್ತುಬಿಟ್ಟರು. ಆಡಿದ ಮಾತಿಗೆ ರುಸ್ತೆಮ್ ಇವತ್ತಿಗೂ ಕೊರಗುತ್ತಾರೆ.

"ಅವಳು ಹೋದ ದಿನ ಜನ ಬಂದ್ರು, ಅವಳ ಹೆಸರಲ್ಲಿ ಹಲ್ವಾ ಹಂಚಿದ್ವಿ, ನಾನು ಗಟ್ಟಿಯಾಗೇ ಇದ್ದೆ ಕಣಪ್ಪ. ಇನ್ನು ಅವಳಿಲ್ಲ ಅಂತ ನಂಗೆ ಗೊತ್ತಾಗಿದ್ದು ಆ ಆಮ್ಲದ ತೊಟ್ಟಿ ಮುಂದೆ," ಎನ್ನುತ್ತಾರೆ ಉಸ್ತಾ.

ರಾಜಧಾನಿಯ ವಸ್ತುಸಂಗ್ರಹಾಲಯವೊಂದು ಸಿಡಿದುಹೋದ ಹಳೆಯ ಕೋವಿಯ ಪಕ್ಕದಲ್ಲಿ ಇಡಲು ಹೊಸ ನಳಿಗೆ ಕೇಳಿತ್ತು. ಮುಕದ್ದೆಸ್ ತಿರುಚಿಟ್ಟಿದ್ದ ಎರಡೇ ಸರಳು ಉಳಿದಿದ್ದವು. ಉಸ್ತಾ ಎರಡು ತಿಂಗಳು ಅವನ್ನು ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದು, ಕೊನೆಗೆ ತಾವು ತಿರುಚಿದ ಎರಡರ ಜೊತೆ ಬೆಂಕಿಗೆ ಕೊಟ್ಟರು. ನಳಿಗೆ ಸೊಗಸಾಗಿ ಬಂದಿದೆ. ಮುಂದಿನ ನಳಿಗೆಗಳಿಗಾಗಿ ಬೆಳಗಿನ ಈ ಎಡಗೈ ಪಾಠ.

ತಕರಾರು ಇರುವುದು ಅದರ ಪಕ್ಕ ಹಾಕುವ ಹೆಸರಿನ ಫಲಕದ ಬಗ್ಗೆ. ಇಬ್ಬರ ಹೆಸರೂ ಇರಬೇಕು, ಇಲ್ಲದಿದ್ದರೆ ನಳಿಗೆ ಕೊಡುವುದಿಲ್ಲ ಎಂದು ಉಸ್ತಾ ಪಟ್ಟು ಹಿಡಿದಿದ್ದಾರೆ. ಆಕೆ ಬದುಕಿದ್ದಾಗಲೇ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ. ಅವರು ಇಕ್ಕಳ ಕೆಳಗಿಟ್ಟು ಕೂರುತ್ತಾರೆ. "ನಾಚಿಕೆ. ಹೆಂಡತಿ ಕೈಲಿ ಕೆಲಸ ಮಾಡಿಸ್ಕೊಳ್ತಾನೆ ಅಂತ ನಗ್ತಾರಲ್ಲ ಅಂತ. ಅವಳೂ ಕೇಳ್ಲಿಲ್ಲ."

ನಾವು ಹೀಗೆ ಕೂತಿರುವಾಗಲೇ ವಸ್ತುಸಂಗ್ರಹಾಲಯದಿಂದ ಫೋನು ಬರುತ್ತದೆ. ಫಲಕದಲ್ಲಿ ಜಾಗ ಒಂದು ಹೆಸರಿಗೆ ಮಾತ್ರ, ಅದೇ ಪದ್ಧತಿ ಎಂದು ಆ ಕಡೆಯ ಅಧಿಕಾರಿ ವಿನಯದಿಂದಲೇ ಹೇಳುತ್ತಾರೆ. ಉಸ್ತಾ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

"ಸರಿ, ಒಂದೇ ಬರ್ಕೊಳ್ಳಿ," ಎನ್ನುತ್ತಾರೆ. "ಮುಕದ್ದೆಸ್ ಅಂತ. ಇಷ್ಟು ವರ್ಷ ಆ ಒಂದು ಹೆಸರು ನಂದೇ ಇತ್ತು."