ನಾಬೆ ಅಜ್ಜಿ ಒಪ್ಪಿಸಿದ ವಿಳಾಸ

ನಮ್ಮ ಶುರಿ ಪಟ್ಟಣದ ನಾಲ್ಕು ಹಳೆಯ ದೇವಾಲಯಗಳಿಗೂ ವರ್ಷಕ್ಕೊಮ್ಮೆ ನಾಬೆ ಅಜ್ಜಿಯನ್ನು ಸುತ್ತಿಸುವುದು ನನ್ನ ಟ್ಯಾಕ್ಸಿಯ ಪಾಲಿನ ಸೇವೆ. ಟೋಕಿಯೊದಿಂದ ಬರುವವರು ಕಲ್ಲಿನ ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡು ಐದೇ ನಿಮಿಷದಲ್ಲಿ ಹೊರಬರುತ್ತಾರೆ. ಅಜ್ಜಿ ಒಳಗೆ ಹೋದರೆ ನಾನು ಒಂದು ನಿದ್ದೆ ಮುಗಿಸಬಹುದು. ನಮ್ಮ ಒಕಿನಾವಾದಲ್ಲಿ ದೇವರಿಗೆ ಹೆಸರು, ಪಂಚಾಂಗದಲ್ಲಿ ಹುಟ್ಟಿದ ವರ್ಷಕ್ಕಿರುವ ಪ್ರಾಣಿ, ಮನೆಯ ವಿಳಾಸ ಎಲ್ಲವನ್ನೂ ಒಪ್ಪಿಸಬೇಕು. ಇಲ್ಲದಿದ್ದರೆ ಕೊಟ್ಟ ವರ ಯಾರ ಮನೆಗೆ ಹೋಗಬೇಕು?

ಅಜ್ಜಿಗೆ ಎಂಬತ್ತೊಂದು. ಕೇಳುವುದು ಒಂದೇ: ಕುರಿ ವರ್ಷದಲ್ಲಿ ಹುಟ್ಟಿ ನಲವತ್ತನಾಲ್ಕು ತುಂಬಿದ ಮಗ ಮೊರಿತಾಕೆಗೆ ಒಂದು ಹೆಣ್ಣು. ಅವನು ಮೀನುಗಾರ. ಬಲೆಗೆ ಬಿದ್ದ ಮೀನಿನ ಜೊತೆ ಮಾತಾಡಲೂ ನಾಚುವವನು.

ಈ ಸಲ ಅಜ್ಜಿಗೆ ಭುಜನೋವು. ಸಾರಾಯಿ, ಅಕ್ಕಿ, ಊದುಬತ್ತಿಯ ಪೆಟ್ಟಿಗೆ ಹೊತ್ತು ನಾನೂ ಒಳಗೆ ಹೋದೆ. ಅಜ್ಜಿ ವಿಳಾಸ ಒಪ್ಪಿಸಿದ್ದೇ ನನ್ನ ಕಿವಿ ನೆಟ್ಟಗಾಯಿತು.

"ಅಜ್ಜೀ, ಅದು ಗುಡ್ಡದ ಮೇಲಿನ ಮನೆ ಅಲ್ವಾ? ನೀವು ಬಂದರಿನ ಹತ್ರ ಬಂದು ಮೂರು ವರ್ಷ ಆಯ್ತು!"

ಅಜ್ಜಿ ಹಣೆ ಚಚ್ಚಿಕೊಂಡಳು. "ಅಡುಗೆಮನೆ ಒಲೆ ದೇವರಿಗೆ ಹೇಳಿದ್ದೆ ಕಣೋ. ಇವರಿಗೆ ಹೇಳೋದೇ ಮರ್ತೆ."

"ಹಾಗಾದ್ರೆ ನಿಮ್ಮ ಸೊಸೆ ಯಾರ ಮನೆಗೆ ಹೋದ್ಲು?"

ತಮಾಷೆಗೆ ಅಂದಿದ್ದೆ. ಅಜ್ಜಿಯ ಮುಖ ಕೆಂಪಾಯಿತು. "ಆ ಕುಗಾಯಿ! ನಮ್ಮ ಆ ಹಳೇ ಮನೇಲಿ ಬಾಡಿಗೆಗಿರೋ ಬೋಳುತಲೆ! ಐವತ್ತಕ್ಕೆ ಮದ್ವೆ ಆಯ್ತು ಅಂದಾಗ್ಲೇ ನಂಗೆ ಅನುಮಾನ ಬರ್ಬೇಕಿತ್ತು. ನಡಿಯೋ, ಗಾಡಿ ತೆಗಿ!"

ಜಗಳಕ್ಕೆ ಸೊಂಟ ಕಟ್ಟಿದವರ ಹಾಗೆ ಅಜ್ಜಿ ಗುಡ್ಡದ ಮೆಟ್ಟಿಲು ಹತ್ತಿದಳು. ಕುಗಾಯಿಯೇ ಬಾಗಿಲು ತೆರೆದ. ಹೆಗಲ ಮೇಲೆ ಪುಟ್ಟ ಮಗು.

"ಅಮ್ಮಾ, ಸರಿಯಾದ ಹೊತ್ತಿಗೆ ಬಂದ್ರಿ. ಒಂಚೂರು ಹಿಡ್ಕೊಳ್ಳಿ, ಒಲೆ ಮೇಲೆ ಸಾರು ಉಕ್ತಾ ಇದೆ." ಮಗುವನ್ನು ಅಜ್ಜಿಯ ಕೈಗಿಟ್ಟು ಒಳಗೋಡಿದ. ಅಲ್ಲಿಂದಲೇ ಕೂಗಿದ: "ಈ ಮನೆಗೆ ಕಾಲಿಟ್ಟ ಮೇಲೇ ನೋಡಿ ನನ್ನ ಬಾಳು ಚಿಗುರಿದ್ದು. ಯಾವ ದೇವರ ದಯೆಯೋ!"

ನಾನು ನಗು ತಡೆಯಲು ಅಂಗಳ ನೋಡಿದೆ. ಅಜ್ಜಿ ಮಗುವನ್ನೇ ನೋಡುತ್ತಿದ್ದಳು. ಅದು ಅವಳ ತುರುಬು ಹಿಡಿದು ಎಳೆಯುತ್ತಿತ್ತು. ತಂದ ಜಗಳವನ್ನೆಲ್ಲ ನುಂಗಿ ಅಜ್ಜಿ ಕೇಳಿದ್ದಿಷ್ಟೆ: "ಮಗೂ ಹೆಸರೇನಪ್ಪಾ?"

ಕಾರು ಹತ್ತಿ ಅಜ್ಜಿ ಬಿಚ್ಚಿಹೋದ ತುರುಬು ಸರಿಮಾಡಿಕೊಂಡಳು.

"ಮನೆಗಾ, ಅಜ್ಜಿ?"

"ದೇವಸ್ಥಾನಕ್ಕೆ. ನಾಲ್ಕಕ್ಕೂ."

"ವರ ವಾಪಸ್ ಕೇಳ್ತೀರಾ?"

"ಬಾಯಿ ಮುಚ್ಕೊಂಡು ಓಡ್ಸು."

ಹೊಸ ಊದುಬತ್ತಿ ಹಚ್ಚಿ ಅಜ್ಜಿ ಮತ್ತೆ ಗುಡ್ಡದ ವಿಳಾಸವನ್ನೇ ಹೇಳಿದಾಗ ನಾನು ತಿದ್ದಲು ಬಾಯಿ ತೆರೆದೆ. ಕೈಯೆತ್ತಿ ಸುಮ್ಮನಾಗಿಸಿದಳು.

"ಈ ಮನೆ ಕೂಸು, ಕುಗಾಯಿ ಸುಜುನೆ. ಮೊಲದ ವರ್ಷದವಳು. ಕೊಟ್ಟಿದ್ದನ್ನ, ವಿಳಾಸ ತಪ್ಪಿತ್ತು ಅಂತ ವಾಪಸ್ ತಗೋಬೇಡಪ್ಪಾ. ತಪ್ಪು ನಂದು. ಅವಳು ಚೆನ್ನಾಗಿರ್ಲಿ."

ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಅಜ್ಜಿ ದನಿಯೇರಿಸಿ ಬಂದರಿನ ವಿಳಾಸವನ್ನು ಮೂರು ಸಲ ಒಪ್ಪಿಸಿದಳು. ಆಮೇಲೆ, ಹೊರಗೆ ಫೋಟೊ ತೆಗೆಯುತ್ತಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಅಂದಳು:

"ಮೂರನೇ ಮಹಡಿ, ಎಡಗಡೆ ಬಾಗಿಲು. ಮಗ ಸಮುದ್ರಕ್ಕೆ ಹೋಗಿದ್ರೂ ನಾನು ಮನೇಲೇ ಇರ್ತೀನಿ."