ಬಲ್ಬಿಗೆ ಕೈ ಮುಗಿಯುತ್ತಿದ್ದ ಅಮ್ಮ

ಇವತ್ತು ಬೆಳಿಗ್ಗೆ ಕನ್ನಡಕ ಹುಡುಕಿಕೊಂಡು ಮೊಮ್ಮಗಳು ಶ್ರುತಿಯ ಕೋಣೆಗೆ ಹೋದವಳು ಅಲ್ಲಿನ ಗೋಡೆ ನೋಡಿ ನಿಂತುಬಿಟ್ಟೆ. ದೀಪದ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿ! ಒಂದಲ್ಲ, ಮೂರು, ಅಡ್ಡಕ್ಕೂ ಉದ್ದಕ್ಕೂ. ಶ್ರುತಿ ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ನರ್ಸು, ಕೈಗೆ ಸಿಕ್ಕಿದ್ದು ಅದೇ ಇರಬೇಕು. ಅವಳ ಎರಡು ವರ್ಷದ ಮಗ ರಾತ್ರಿ ನಾಲ್ಕೈದು ಸಲ ಎದ್ದು ದೀಪ ಹಾಕುತ್ತಾನೆ. ಪಟ್ಟಿಯ ಒಂದು ತುದಿ ಆಗಲೇ ಕಿತ್ತು ಬಂದಿತ್ತು.

ಶ್ರುತಿ ಕೆಂಪು ಕಣ್ಣಿನಲ್ಲಿ ನನ್ನನ್ನು ನೋಡಿ, "ಅಜ್ಜಿ, ಅಮ್ಮ ಸಣ್ಣದಿರುವಾಗ ಹೀಗೇ ಮಾಡ್ತಿದ್ರಂತೆ ಅಲ್ವಾ? ನೀವು ಹೇಗೆ ನಿಲ್ಲಿಸಿದ್ದು?" ಎಂದಳು.

"ಹೇಳ್ತೇನೆ, ಮೊದಲು ಕಾಫಿ ಕುಡಿ" ಎಂದೆ. ಅವಳು ಕಾಫಿ ಕುಡಿದು ಡ್ಯೂಟಿಗೆ ಹೋದಳು, ನಾನು ಹೇಳಲಿಲ್ಲ. ಅವಳಿಗೆ ಹೇಳುವ ಮೊದಲು ನಿಮಗೆ ಹೇಳಿ ನೋಡುತ್ತೇನೆ.

ಅರವತ್ತರ ದಶಕದ ಮಾತು. ನಮ್ಮ ಮನೆ ಮಡಂತ್ಯಾರಿನಲ್ಲಿ, ರಸ್ತೆಯ ಬದಿಗೇ ಇದ್ದುದರಿಂದ ಕರೆಂಟು ನಮಗೆ ಬೇಗ ಬಂತು. ನಮ್ಮದು ಅಳಿಯಸಂತಾನದವರ ಮನೆ, ವಂಶ ನಡೆಯುವುದು ಹೆಣ್ಣಿನ ಕಡೆಯಿಂದ, ಹಾಗಾಗಿ ಮದುವೆಯಾದ ಮೇಲೂ ನಾನು ತಾಯಿಯ ಬಳಿಯೇ ಇದ್ದೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ಎರಡು ವರ್ಷದ ನನ್ನ ಮಗಳು ವಾರಿಜ, ಅಂದರೆ ಶ್ರುತಿಯ ಅಮ್ಮ. ನನಗೆ ಮೂರು ಮೈಲಿ ದೂರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ನಮ್ಮ ಕುಟುಂಬದಲ್ಲಿ ಕೆಲಸಕ್ಕೆಂದು ಹೊರಟ ಮೊದಲ ಹೆಂಗಸು ನಾನು. ಆ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತಂತೆ. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಗೋಡೆಗೆ ಮರದ ಪಟ್ಟಿ ಬಡಿದು ವಯರು ಎಳೆಯಲು ಬಂದವನಿಗೆ ಅಮ್ಮ ಒಂದೇ ಒಂದು ಮಾತು ಹೇಳಿದ್ದರು. "ಸ್ವಿಚ್ಚು ನನ್ನ ಚಾಪೆಯ ಹತ್ತಿರ ಕೆಳಗೆ ಇರಲಿ. ರಾತ್ರಿ ಎದ್ದು ನಿಂತು ತಡಕಾಡುವ ಪ್ರಾಯ ಅಲ್ಲ ನನ್ನದು." ಅವನು ಹಾಗೆಯೇ ಇಟ್ಟ. ಕರಿಯ ದುಂಡನೆಯ ಸ್ವಿಚ್ಚು, ಸರಿಯಾಗಿ ವಾರಿಜಳ ಮೂಗಿನ ಎತ್ತರಕ್ಕೆ. ನಾವಿಬ್ಬರೂ ಮೆಚ್ಚಿ ತಲೆಯಾಡಿಸಿದ್ದೆವು.

ಕರೆಂಟು ಬಂದ ಮೇಲೂ ಅಮ್ಮ ಒಂದು ಪದ್ಧತಿ ಬಿಡಲಿಲ್ಲ. ಸಂಜೆ ಎಣ್ಣೆದೀಪ ಹಚ್ಚಿದಾಗ ಮನೆಯವರೆಲ್ಲ ಕೈ ಮುಗಿಯುವುದು ನಮ್ಮ ಕಡೆಯ ವಾಡಿಕೆ, ಮಲಗಿದ್ದವರು ಎದ್ದು ಕೂರಲೇಬೇಕು. ಅಮ್ಮನ ಲೆಕ್ಕದಲ್ಲಿ ಬಲ್ಬೂ ದೀಪವೇ. ಅದು ಹೊತ್ತಿದಾಗೆಲ್ಲ ಎರಡೂ ಕೈ ಜೋಡಿಸುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೂ ಅವರ ಎದುರು ನಾನೂ ಒಂದು ಅರೆಬರೆ ನಮಸ್ಕಾರ ಮಾಡುತ್ತಿದ್ದೆ.

ಬಲ್ಬು ಬಂದ ಎರಡನೆಯ ವಾರದಿಂದ ವಾರಿಜ ಶುರು ಮಾಡಿದಳು. ನಡುರಾತ್ರಿ ಟಕ್ ಎಂದು ಸದ್ದು. ಕಣ್ಣಿಗೆ ಸೂಜಿ ಚುಚ್ಚಿದಂತೆ ಬೆಳಕು. ಅಮ್ಮ ಎದ್ದು ಕೂತು ಕೈ ಮುಗಿಯುವರು, ನಾನು ಎದ್ದು ಬೈಯುವೆ, ದೀಪ ಆರಿಸಿ ಮಲಗಿಸುವೆ. ಒಂದು ಗಂಟೆಯಲ್ಲಿ ಮತ್ತೆ ಟಕ್.

ನಾನು ಹಟಕ್ಕೆ ಬಿದ್ದೆ. ಸ್ವಿಚ್ಚಿಗೆ ಬಟ್ಟೆ ಸುತ್ತಿದೆ, ಬಿಚ್ಚಿದಳು. ಮೊಳೆ ಹೊಡೆದು ಅರ್ಧ ತೆಂಗಿನ ಗೆರಟೆಯನ್ನು ಅದರ ಮೇಲೆ ತೂಗುಹಾಕಿದೆ. ಅದನ್ನು ಎತ್ತಿ ಹಿಡಿಯಲು ಕಲಿತಳು, ಮೊದಲು ಗೆರಟೆಯ ಲೊಟಲೊಟ, ಆಮೇಲೆ ಟಕ್. ಕತ್ತಲೆಯಲ್ಲಿ ಗುಮ್ಮ ಬರುತ್ತಾನೆ ಎಂದು ಹೆದರಿಸಿದೆ. ಗುಮ್ಮ ಬಂದನೋ ನೋಡಲೆಂದು ಆ ರಾತ್ರಿ ಎರಡು ಸಲ ಹೆಚ್ಚೇ ದೀಪ ಹಾಕಿದಳು. ನಾನು ಚಾಪೆಯ ಕೆಳಗೆ ತೂರಿದರೆ ಅವಳು ರಂಗೋಲಿಯ ಕೆಳಗೆ ತೂರುವವಳು. ಬಲ್ಬನ್ನೇ ಕಳಚಿ ಇಡಬಾರದಿತ್ತೇ ಎಂದು ನೀವು ಕೇಳಬಹುದು. ಇಡಬಹುದಿತ್ತು. ಆದರೆ ನಾನು ಮರುದಿನದ ಪಾಠ ಬರೆದುಕೊಳ್ಳುತ್ತಿದ್ದುದು ಆ ಬೆಳಕಿನಲ್ಲಿ. ಮೇಲಾಗಿ, ಎರಡು ವರ್ಷದ ಮಗುವಿಗೆ ಸೋತು ಚಿಮಣಿ ದೀಪಕ್ಕೆ ಹಿಂದಿರುಗುವುದೇ? ಆಗುವುದಿಲ್ಲ ಎಂದರೆ ಆಗುವುದಿಲ್ಲ!

ಇಷ್ಟಾಗುವಾಗ ಶಾಲೆಯಲ್ಲಿ ಆಗಬಾರದ್ದು ಆಯಿತು. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಏಳರ ಮಗ್ಗಿ ಶುರುವಾದದ್ದು ನೆನಪಿದೆ, ಮುಗಿದದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹೆಡ್‌ಮಾಸ್ಟರು.

ಶಾಲೆ ಬಿಟ್ಟ ಮೇಲೆ ಕರೆದು, ದನಿ ಏರಿಸದೆ ಹೇಳಿದರು. "ಟೀಚರೇ, ನೀವು ತೂಕಡಿಸಿದ್ದು ಇದು ಎರಡನೇ ಸಲ. ನಾನು ನೋಡ್ಲಿಲ್ಲ ಅಂತ ಮಾಡ್ತೇನೆ. ಮೂರನೇ ಸಲ ಆದ್ರೆ ಮೇಲಿನವರಿಗೆ ಬರೆಯಬೇಕಾಗ್ತದೆ. ನಿಮ್ಮದು ಖಾಯಂ ಆಗದ ಕೆಲಸ, ನೆನಪಿರಲಿ."

ಮೂರು ಮೈಲಿ ಅಳುತ್ತ ನಡೆದೆ. ಮನೆಯಲ್ಲಿ ಏನೂ ಹೇಳಲಿಲ್ಲ.

ಅದರ ಮರುದಿನ ಭಾನುವಾರ. ಹಾಡುಹಗಲು ವಾರಿಜ ಕೋಣೆಗೆ ಹೋಗಿ ಸ್ವಿಚ್ಚು ಒತ್ತಿದಳು. ಒಳಗೆ ಯಾರೂ ಇರಲಿಲ್ಲ. ಸುತ್ತ ನೋಡಿ ಆರಿಸಿದಳು. ಆಮೇಲೆ ಅಡುಗೆಮನೆಗೆ ಓಡಿ, ಅಮ್ಮನ ಸೆರಗು ಹಿಡಿದು ಎಳೆದು ತಂದು, ಚಾಪೆಯ ಮೇಲೆ ಕೂರಿಸಿ, ಮತ್ತೆ ಒತ್ತಿದಳು. ಅಮ್ಮ ಕೈ ಮುಗಿದರು. ಮಗು ಕೇಕೆ ಹಾಕಿ ಕುಣಿಯಿತು.

ನನಗೆ ಆಗ ಅರ್ಥವಾಯಿತು. ಅವಳಿಗೆ ಬೆಳಕು ಬೇಕಾಗಿರಲೇ ಇಲ್ಲ. ಗೋಡೆಯ ಸ್ವಿಚ್ಚು ಒತ್ತಿದರೆ ಅಜ್ಜಿ ಎದ್ದು ಕೂತು ಕೈ ಮುಗಿಯುತ್ತಾಳೆ, ಅದು ಬೇಕಿತ್ತು. ಇಷ್ಟು ದಿನ ನಾನು ಗೆರಟೆ ಕಟ್ಟುತ್ತ ಕೂತಿದ್ದೆನಲ್ಲ!

"ಅಮ್ಮ, ರಾತ್ರಿ ಅವಳು ದೀಪ ಹಾಕಿದಾಗ ನೀವು ಏಳಬೇಡಿ. ಕೈ ಮುಗಿಯಬೇಡಿ" ಎಂದೆ. ನಮ್ಮ ಮಾತು ನಡೆದದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿಯುತ್ತದೆ.

"ದೀಪ ಬಂದಾಗ ಕೈ ಮುಗಿಯದೆ ಬಿದ್ದುಕೊಳ್ಳಲಿಕ್ಕೆ ನಾನೇನು ಹೆಣವಾ?"

"ಅದು ಬಲ್ಬು ಅಮ್ಮ."

"ನಿನಗೆ ಬಲ್ಬು."

ಅವರು ಎದ್ದು ಹೊರಟರು. ಹಟ ನನಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಬೇರೆ ದಾರಿ ಕಾಣದೆ ಹೆಡ್‌ಮಾಸ್ಟರು ಹೇಳಿದ್ದನ್ನೆಲ್ಲ ಅವರ ಬೆನ್ನಿಗೇ ಹೇಳಿಬಿಟ್ಟೆ. ಅಮ್ಮ ಬಾಗಿಲ ದಾರಂದ ಹಿಡಿದು ನಿಂತರು. ಶಾಲೆಯ ಮೆಟ್ಟಿಲು ಹತ್ತದವರು ಅವರು. ನನ್ನನ್ನು ಓದಿಸಬೇಕೆಂದು ಕುಟುಂಬದ ಗಂಡಸರೊಡನೆ ಜಗಳವಾಡಿ ಗೆದ್ದವರೂ ಅವರೇ.

"ಎಷ್ಟು ದಿವಸ?" ಎಂದು ಕೇಳಿದರು.

"ಅವಳು ಬಿಡುವವರೆಗೆ."

ಆ ರಾತ್ರಿ ಅಮ್ಮ ಎರಡೂ ಕೈಗಳನ್ನು ಸೊಂಟದ ಕೆಳಗೆ ಒತ್ತಿಟ್ಟು ಮಲಗಿದರು. ಟಕ್ ಎಂದಾಗ ನಾನು ರೆಪ್ಪೆಯ ಸಂದಿನಿಂದ ನೋಡಿದೆ. ಅವರ ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಅಲುಗಾಡುತ್ತಿತ್ತು. ವಾರಿಜ ಕಾದಳು, ಆರಿಸಿದಳು, ಮತ್ತೆ ಹಾಕಿದಳು. ಎರಡನೆಯ ರಾತ್ರಿಯೂ ಹಾಗೆಯೇ.

ಮೂರನೆಯ ರಾತ್ರಿ ಅವಳು ಅಜ್ಜಿಯ ಬಳಿ ಕೂತು, ಸೊಂಟದ ಕೆಳಗಿನಿಂದ ಒಂದೊಂದೇ ಕೈಯನ್ನು ಎಳೆದು ಹೊರಗೆ ತೆಗೆದಳು. ತನ್ನ ಪುಟ್ಟ ಕೈಗಳಿಂದ ಅವನ್ನು ಜೋಡಿಸಿದಳು. ಬಿಟ್ಟ ಕೂಡಲೇ ಅವು ಬೇರೆ ಬೇರೆಯಾಗಿ ಚಾಪೆಯ ಮೇಲೆ ಬಿದ್ದವು. ಮತ್ತೆ ಜೋಡಿಸಿದಳು, ಮತ್ತೆ ಬಿದ್ದವು. ಮಗು ಅಳತೊಡಗಿತು. ರಂಪದ ಅಳುವಲ್ಲ, ಹೆದರಿದ ಸಣ್ಣ ಅಳು. ನನಗೆ ತಡೆಯಲಾಗಲಿಲ್ಲ, ಎದ್ದು ಕೂರಲು ಮೊಣಕೈ ಊರಿದೆ.

ಅಮ್ಮ ಕಣ್ಣು ಬಿಡದೆಯೇ ಹೇಳಿದರು. "ಏಳಬೇಡ. ನಿನಗೆ ನಾಳೆ ಶಾಲೆ ಉಂಟು."

ನಾನು ಮಲಗಿದೆ. ಎಷ್ಟೋ ಹೊತ್ತಿನ ಮೇಲೆ ವಾರಿಜ ತಾನೇ ದೀಪ ಆರಿಸಿ ಅಜ್ಜಿಯ ಪಕ್ಕದಲ್ಲಿ ಮುದುಡಿಕೊಂಡಳು. ಆಮೇಲೆ ಅವಳು ಆ ಸ್ವಿಚ್ಚು ಮುಟ್ಟಲಿಲ್ಲ.

ಕೆಲಸ ಖಾಯಂ ಆಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದೆ, ಒಮ್ಮೆಯೂ ತೂಕಡಿಸಲಿಲ್ಲ. ಅಮ್ಮ ಎಣ್ಣೆದೀಪಕ್ಕೆ ಕೊನೆಯವರೆಗೂ ಕೈ ಮುಗಿದರು, ಆದರೆ ಬಲ್ಬಿಗೆ ಮತ್ತೆಂದೂ ಮುಗಿಯಲಿಲ್ಲ. ಒಮ್ಮೆ ಕೇಳಿದೆ. "ಬೇಕಾದಾಗ ಬಿಟ್ಟು ಬೇಕಾದಾಗ ಹಿಡಿಯಲಿಕ್ಕೆ ಅದೇನು ಕೊಡೆಯಾ?" ಎಂದು ಅಕ್ಕಿ ಕೇರುತ್ತಲೇ ಹೇಳಿದರು. ನಾನು ಆಗ ನಕ್ಕೆ. ನಾನು ಗೆದ್ದೆನೆಂದೇ ಎಷ್ಟೋ ವರ್ಷ ಎಲ್ಲರೆದುರು ಈ ಕತೆ ಹೇಳಿಕೊಂಡು ತಿರುಗಿದ್ದೇನೆ. ಆ ಮೂರು ರಾತ್ರಿ ಅಮ್ಮ ಒಂದು ಗಳಿಗೆಯೂ ನಿದ್ದೆ ಮಾಡಿರಲಿಕ್ಕಿಲ್ಲ ಎಂಬುದು ನನಗೆ ಹೊಳೆದದ್ದು ಅವರು ಹೋದ ಮೇಲೆ. ಅದಕ್ಕೊಂದು ಮಾತು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಸಂಜೆ ಶ್ರುತಿ ಡ್ಯೂಟಿ ಮುಗಿಸಿ ಬಂದಳು. ಮಗುವಿಗೆ ಬುದ್ಧಿ ಕಲಿಸುವ ಉಪಾಯ ಹೇಳಿಕೊಡುವ ಮನಸ್ಸು ನನಗೆ ಉಳಿದಿರಲಿಲ್ಲ.

"ಇವತ್ತಿನಿಂದ ಅವನು ನನ್ನ ಕೋಣೆಯಲ್ಲಿ ಮಲಗಲಿ" ಎಂದೆ.

"ಅಯ್ಯೋ ಬೇಡ ಅಜ್ಜಿ. ರಾತ್ರಿಯಿಡೀ ದೀಪ ಹಾಕ್ತಾನೆ. ನಿಮಗೆ ನಿದ್ದೆ ಆಗ್ಲಿಕ್ಕಿಲ್ಲ."

"ನಾನು ನಿದ್ದೆ ಮಾಡಿ ಆಗಿದೆ ಮಾರಾಯ್ತಿ," ಎಂದು ಅವನ ಸಣ್ಣ ಹಾಸಿಗೆಯನ್ನು ಸುತ್ತಿ ಎತ್ತಿಕೊಂಡೆ. "ಇನ್ನು ನೀನು ಮಾಡು."