ಬರಿಹೊಟ್ಟೆಯ ಶಾಸ್ತ್ರ

ನಮ್ಮ ಎನ್.ಆರ್. ಕಾಲೋನಿಯ ಕಡೆ ಎದುರಿಗೆ ಸಿಕ್ಕವರು ಈಚೆಗೆ ಕ್ಷೇಮಸಮಾಚಾರ ವಿಚಾರಿಸುವುದನ್ನೇ ಬಿಟ್ಟಿದ್ದಾರೆ ಎಂಬುದನ್ನು ನೀವೂ ಗಮನಿಸಿರಬಹುದು. ಅವರ ದೃಷ್ಟಿ ನಮ್ಮ ಮುಖದಿಂದ ಮೆಲ್ಲನೆ ಕೆಳಗಿಳಿದು, ಉದರಪ್ರದೇಶದಲ್ಲಿ ಕ್ಷಣಕಾಲ ವಿಶ್ರಮಿಸಿ, ಮತ್ತೆ ಮೇಲೇರಿದ ಬಳಿಕ ‘ಸ್ವಲ್ಪ ದಪ್ಪ ಆದ್ರಾ?’ ಎಂಬ ತೀರ್ಪು ಪ್ರಶ್ನೆಯ ವೇಷದಲ್ಲಿ ಹೊರಬೀಳುತ್ತದೆ. ‘ಇಲ್ಲವಲ್ಲ’ ಎಂದರೆ ಕಣ್ಣೆದುರಿನ ಸಾಕ್ಷ್ಯವನ್ನು ಅಲ್ಲಗಳೆದ ಅಪರಾಧ. ‘ಹೌದು’ ಎಂದರೆ ಬಿಸಿನೀರು, ನಿಂಬೆರಸ, ಮೆಂತ್ಯದ ಕಾಳು, ಸಿರಿಧಾನ್ಯಗಳ ಕುರಿತ ಉಪನ್ಯಾಸವೊಂದನ್ನು ಫುಟ್‌ಪಾತಿನ ಮೇಲೆ ತರಕಾರಿ ಚೀಲ ಹಿಡಿದುಕೊಂಡೇ ಕೇಳುವ ಶಿಕ್ಷೆ.

ನಾನು ಹುಟ್ಟಿದ್ದು ಕಾಟನ್‌ಪೇಟೆಯ ಬೆಲ್ಲದ ಮಂಡಿಯೊಂದರ ಹಿಂಭಾಗದ ಮನೆಯಲ್ಲಿ. ಅಲ್ಲಿ ಇದಕ್ಕೆ ಸಂಪೂರ್ಣ ವಿರುದ್ಧವಾದ ಶಾಸ್ತ್ರ ಜಾರಿಯಲ್ಲಿತ್ತು. ಪ್ರತಿ ಯುಗಾದಿಯಂದು ನಮ್ಮ ತಾತ ಮನೆಯ ಮಕ್ಕಳನ್ನೆಲ್ಲ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ, ಎದುರಿನ ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಏರಿಸಿ ತೂಗುತ್ತಿದ್ದರು. ಹಿಂದಿನ ವರ್ಷಕ್ಕಿಂತ ಎಷ್ಟು ಬೆಲ್ಲ ಹೆಚ್ಚು ತೂಗಿದರೆ ಅಷ್ಟೂ ಬೆಲ್ಲ ಆ ಮಗುವಿಗೇ ಬಹುಮಾನ. ‘ಮೈ ಬಂದಿದೆ’ ಎಂಬುದು ನಮ್ಮ ಮನೆಯಲ್ಲಿ ಪರೀಕ್ಷೆ ಪಾಸಾದುದಕ್ಕಿಂತ ದೊಡ್ಡ ಸುದ್ದಿ. ಬಹುಮಾನದ ಬೆಲ್ಲವನ್ನು ತಿಂದು ಮುಂದಿನ ವರ್ಷದ ಬಹುಮಾನಕ್ಕೆ ಅರ್ಹತೆ ಸಂಪಾದಿಸಿಕೊಳ್ಳುತ್ತಿದ್ದ ನಾನು ಸತತ ವಿಜೇತ. ಆ ವಿಜಯಪರಂಪರೆ ವಿಮಾ ಕಚೇರಿಯ ಗುಮಾಸ್ತಿಕೆಯನ್ನೂ ದಾಟಿ, ನಿವೃತ್ತಿಯ ನಂತರವೂ ಅಖಂಡವಾಗಿ ಸಾಗಿದೆ. ಬಹುಮಾನ ಕೊಡುವವರು ಮಾತ್ರ ಇಲ್ಲ.

ನನ್ನ ಹೊಟ್ಟೆಯ ಜೊತೆ ನಾನು ಎಂದೋ ರಾಜಿಯಾಗಿದ್ದೇನೆ. ಅದು ಮುಂದೆ, ನಾನು ಹಿಂದೆ. ಹೀಗೆ ನಡೆದುಕೊಂಡು ಹೋಗುತ್ತಿದೆ. ಆದರೆ ನನ್ನ ಹೆಂಡತಿ ಗಿರಿಜೆಗೆ ಆ ರಾಜಿ ಸಾಧ್ಯವಾಗಲಿಲ್ಲ. ಅವಳ ಕತ್ತಿನೊಳಗಿನ ಥೈರಾಯ್ಡ್ ಎಂಬ ಚಿಟ್ಟೆಯಾಕಾರದ ಗ್ರಂಥಿ, ಊಟದ ನಂತರದ ಕಚೇರಿಯಂತೆ, ಬಾಗಿಲು ತೆರೆದಿಟ್ಟುಕೊಂಡೂ ಕೆಲಸ ಮಾಡದ ಸ್ಥಿತಿಗೆ ಬಂದಿದೆಯೆಂದು ರಕ್ತಪರೀಕ್ಷೆ ಹೇಳಿತು. ಮುಖ ಊದಿತು, ತಲೆಗೂದಲು ಉದುರಿತು, ಮೆಟ್ಟಿಲು ಹತ್ತಿದರೆ ಸುಸ್ತು, ಮೈ ಮಾತ್ರ ಏರುತ್ತಲೇ ಹೋಯಿತು. ನಮ್ಮ ಬಡಾವಣೆಯ ಡಾಕ್ಟರಮ್ಮ ಸಾಸಿವೆಗಿಂತ ತುಸುವೇ ದೊಡ್ಡದಾದ ಮಾತ್ರೆಯೊಂದನ್ನು ಬರೆದುಕೊಟ್ಟು, ‘ಬೆಳಿಗ್ಗೆ ಎದ್ದ ತಕ್ಷಣ, ಬರಿಹೊಟ್ಟೇಲಿ’ ಎಂದರು. ಗಿರಿಜೆ ಆ ಆಜ್ಞೆಯನ್ನು ವ್ರತದಂತೆ ಪಾಲಿಸಿದಳು. ಆದರೂ ಮೈ ಇಳಿಯಲಿಲ್ಲ. ಮತ್ತೆ ರಕ್ತ ತೆಗೆದರು, ಮಾತ್ರೆಯ ಪ್ರಮಾಣ ಏರಿಸಿದರು. ಮತ್ತೂ ಇಳಿಯಲಿಲ್ಲ. ಮತ್ತೊಮ್ಮೆ ಏರಿಸಿದರು.

ಈ ನಡುವೆ ಚಾಮರಾಜಪೇಟೆಯ ಛತ್ರವೊಂದರಲ್ಲಿ ನೆಂಟರ ಮಗುವಿನ ನಾಮಕರಣ. ಊಟದ ಪಂಕ್ತಿಯಲ್ಲಿ ಗಿರಿಜೆಯ ಸ್ವಂತ ಅಕ್ಕ, ನೂರು ಜನರಿಗೆ ಕೇಳಿಸುವ ಪ್ರೀತಿಯಿಂದ, ‘ಏನೇ ಗಿರಿಜಾ, ನಿಂಗೆ ಎರಡು ಕುರ್ಚಿ ಹಾಕ್ಸ್ಲೇನೇ?’ ಎಂದರು. ಎಲ್ಲರೂ ನಕ್ಕರು. ಗಿರಿಜೆಯೂ ನಕ್ಕಳು. ಆಟೋದಲ್ಲಿ ಮನೆಗೆ ಬರುವಾಗ ಅವಳು ಸೀಟಿನ ತುದಿಗೆ ಸರಿದು, ಆದಷ್ಟು ಕಡಿಮೆ ಜಾಗದಲ್ಲಿ ಕುಳಿತಿದ್ದಳು. ಆಮೇಲೆ ಯಾವ ಮದುವೆ ಮುಂಜಿಗೂ ಅವಳು ಹೊರಡಲಿಲ್ಲ. ಸುಸ್ತು ಎನ್ನುವಳು. ಸುಸ್ತೂ ಇತ್ತೆನ್ನಿ.

ಇಂಥ ಸಂದರ್ಭದಲ್ಲಿ ಪಾರ್ಕಿನಲ್ಲಿ ಅವಳ ಜೊತೆ ನಡೆಯುವ ಪ್ರಭಾಮಣಿಯವರು ನಮ್ಮ ಹಜಾರದಲ್ಲಿ ಅವತರಿಸಿದರು. ಅವರ ಚೀಲದಿಂದ ಮೂರು ಡಬ್ಬಿಗಳು ಹೊರಬಂದವು.

‘ಇದು ತಿಂದು ಬಂದ ಕೊಬ್ಬಲ್ಲ ಗಿರಿಜಾ, ಹಾರ್ಮೋನ್ ಕೊಬ್ಬು,’ ಎಂದು ಅವರು ಕೊಬ್ಬಿನ ವರ್ಣಾಶ್ರಮವನ್ನು ವಿವರಿಸಿದರು. ‘ನೀನು ಉಪವಾಸ ಬಿದ್ರೂ ಅದು ಅಲ್ಲಾಡಲ್ಲ. ನಮ್ಮತ್ತಿಗೇನ ನೋಡು, ಡಬ್ಬಿ ಮುಗಿಯೋಷ್ಟರಲ್ಲಿ ಬಳೆಯೆಲ್ಲ ಜಾರಿ ಜಾರಿ ಬೀಳ್ತಿದೆ.’

‘ಡಾಕ್ಟರನ್ನ ಒಂದು ಮಾತು ಕೇಳಬಹುದಿತ್ತೇನೋ,’ ಎಂದೆ ನಾನು, ಪತ್ರಿಕೆಯ ಹಿಂದಿನಿಂದ.

‘ಅಯ್ಯೋ, ಔಷಧಿ ಆಗಿದ್ರೆ ಕೇಳ್ಬೇಕು ಸರ್. ಇದು ಬರೀ ಸಪ್ಲಿಮೆಂಟು. ಎಲ್ಲಾ ಗಿಡಮೂಲಿಕೆ. ನೀವೂ ಒಂದು ಶುರು ಮಾಡಿ, ಮುಖದಲ್ಲಿ ಟೆನ್ಷನ್ ಕಾಣ್ತಿದೆ.’

ಮೊದಲನೆಯ ಡಬ್ಬಿ ಥೈರಾಯ್ಡಿಗೆ ಊರುಗೋಲು. ಅದರಲ್ಲಿ ಕಡಲಪಾಚಿ ಮೊದಲಾದ ದ್ರವ್ಯಗಳಿದ್ದವಂತೆ. ಎರಡನೆಯದು ಸ್ತ್ರೀಯರ ಹಾರ್ಮೋನುಗಳನ್ನು ಸಮತೋಲನಕ್ಕೆ ತರುವಂಥದು. ಮೂರನೆಯದು ಚಿಂತೆಯ ಹಾರ್ಮೋನನ್ನು ತಗ್ಗಿಸಿ ಹೊಟ್ಟೆ ಕರಗಿಸುವಂಥದು. ಇದು ನನ್ನ ಪಾಲಿಗೆ ಬಂತು. ಮೂರರ ಮೇಲೂ ಒಬ್ಬಳೇ ತನ್ವಂಗಿ ಸಮುದ್ರತೀರದಲ್ಲಿ ಗಾಳಿಗೆ ಜಿಗಿದು ನಿಂತಿದ್ದಳು; ಅವಳಿಗೆ ಥೈರಾಯ್ಡ್ ಆಗಲಿ, ಅಕ್ಕ ಆಗಲಿ ಇದ್ದ ಹಾಗೆ ಕಾಣಲಿಲ್ಲ. ನಾನು ನನ್ನ ಗುಳಿಗೆಯನ್ನು ನುಂಗಿ, ಚಿಂತೆ ತಗ್ಗಿತೇ ಎಂದು ಗಳಿಗೆಗೊಮ್ಮೆ ಪರೀಕ್ಷಿಸಿಕೊಳ್ಳತೊಡಗಿದೆ. ಈ ಪರೀಕ್ಷೆಯಿಂದ ಹುಟ್ಟಿದ ಹೊಸ ಚಿಂತೆಗೆ ಪ್ರಭಾಮಣಿಯವರ ಬಳಿ ನಾಲ್ಕನೆಯ ಡಬ್ಬಿ ಇರಲಿಲ್ಲವಾದ್ದರಿಂದ ಒಂದು ವಾರದಲ್ಲಿ ನಾನು ಆ ಸಾಧನೆಯನ್ನು ಕೈಬಿಟ್ಟೆ.

ಗಿರಿಜೆ ಬಿಡಲಿಲ್ಲ. ಏಕೆಂದರೆ, ಇದೇ ನೋಡಿ ವಿಪರ್ಯಾಸ, ಅವಳ ಮೈ ಇಳಿಯತೊಡಗಿತು. ರವಿಕೆ ಸಡಿಲವಾಯಿತು. ಅಲಮಾರಿನ ತಳದಲ್ಲಿ ನಿರ್ವಾಸಿತವಾಗಿದ್ದ ಹಸಿರು ಮೈಸೂರು ರೇಷ್ಮೆ ಮೇಲಕ್ಕೆ ಬಂತು. ಮನೆಯಲ್ಲಿ ಹಾಡು ಕೇಳಿಸಿತು. ಜೊತೆಗೆ ಇನ್ನೂ ಕೆಲವು ಸಂಗತಿಗಳು ನಡೆದವು: ಅವಳ ಕೈಯಲ್ಲಿನ ಲೋಟ ಸಣ್ಣಗೆ ನಡುಗುತ್ತಿತ್ತು, ಫ್ಯಾನು ಹಾಕಿದ್ದರೂ ಬೆವರುತ್ತಿದ್ದಳು, ಸುಮ್ಮಸುಮ್ಮನೆ ಸಿಡುಕುತ್ತಿದ್ದಳು. ನಲವತ್ತು ವರ್ಷ ನನ್ನ ಜೊತೆ ಬಾಳಿದವಳು ಸಿಡುಕಿದರೆ ಅದಕ್ಕೆ ಗ್ರಂಥಿಯೇ ಕಾರಣವಾಗಬೇಕಿಲ್ಲವೆಂದು ನಾನು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದವಳು ಕೈಯಲ್ಲಿದ್ದ ಕಾಯಿಗಳನ್ನು ರಾಶಿಗೇ ಹಾಕಿ, ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸೊಗಡಿನ ಅವರೆಯನ್ನು ಅರ್ಧಕ್ಕೆ ಬಿಟ್ಟು ಏಳುವ ಹೆಂಗಸಲ್ಲ ಅವಳು.

‘ರೀ, ಎದೆ ಒಂದೇ ಸಮನೆ ಹೊಡ್ಕೋತಿದೆ. ಓಡಿ ಬಂದ ಹಾಗೆ.’

ಆ ಮೆಟ್ಟಿಲಿನಿಂದ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಆಟೋದಲ್ಲಿ ಐದು ನಿಮಿಷದ ದಾರಿ ಇದ್ದೀತು. ದಾರಿಯಲ್ಲಿ ಸಿಕ್ಕ ಎಮ್ಮೆ, ಸಿಗ್ನಲ್ಲು, ರಸ್ತೆ ಅಗೆದ ಗುಂಡಿ ಪ್ರತಿಯೊಂದೂ ನನ್ನ ಪೂರ್ವಜನ್ಮದ ಶತ್ರುವಿನಂತೆ ತೋರಿತು. ಅಲ್ಲಿ ಇಸಿಜಿ ತೆಗೆದರು. ಕಾಗದದ ಮೇಲಿನ ಗೆರೆಗಳು ನನಗೆ ಅರ್ಥವಾಗಲಿಲ್ಲ. ಅದನ್ನು ನೋಡುತ್ತಿದ್ದ ಡಾಕ್ಟರಮ್ಮನ ಹುಬ್ಬುಗಳನ್ನೇ ಓದಲು ಪ್ರಯತ್ನಿಸಿದೆ. ‘ಬಡಿತ ಜಾಸ್ತಿ ಇದೆ. ಈಗ ಗಾಬರಿ ಬೇಡ. ರಕ್ತ ಕೊಟ್ಟು ಹೋಗಿ, ನಾಳೆ ರಿಪೋರ್ಟ್ ಬರತ್ತೆ. ಮನೇಲಿ ಏನೇನು ಮಾತ್ರೆ ತೊಗೋತಿದೀರೋ ಎಲ್ಲಾ ತೊಗೊಂಬನ್ನಿ. ಅಲ್ಲೀವರೆಗೂ ಯಾವುದೂ ಬೇಡ,’ ಎಂದರು. ಈಗ ಗಾಬರಿ ಬೇಡ ಎಂದರೆ ಗಾಬರಿಗೆ ಬೇರೆ ಮುಹೂರ್ತವೊಂದು ನಿಗದಿಯಾಗಿದೆ ಎಂದಲ್ಲವೇ? ಆ ‘ಈಗ’ ಎಂಬ ಪದವನ್ನು ಅಂದು ಸಂಜೆಯವರೆಗೆ ಎಷ್ಟು ಬಗೆಯಲ್ಲಿ ಬಿಡಿಸಿ ನೋಡಿದೆನೋ ಲೆಕ್ಕವಿಲ್ಲ. ಮೊಬೈಲಿನಲ್ಲಿ ಎದೆಬಡಿತದ ಕಾರಣಗಳನ್ನು ಹುಡುಕಿದೆ. ಮೊದಲ ಸಾಲಿನಲ್ಲಿ ಆತಂಕ, ಎರಡನೆಯ ಸಾಲಿನಲ್ಲಿ ಕಾಯಿಲೆ, ಮೂರನೆಯ ಸಾಲಿನಲ್ಲಿ ನಾನು ಓದಲಾರದ ಮಾತು. ಮೊಬೈಲನ್ನು ಮಗುಚಿಟ್ಟೆ.

ಸಂಜೆ ಗಿರಿಜೆ ಹಜಾರದ ದಿವಾನದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ನನ್ನಂತೆಯೇ ಅವಳೂ ಎದೆಯ ಯೋಚನೆಯಲ್ಲಿದ್ದಾಳೆಂದು ನಾನು ತಿಳಿದಿದ್ದೆ.

‘ರೀ, ಆ ಡಬ್ಬೀನ ಪೂರ್ತಿ ನಿಲ್ಲಿಸು ಅಂತಾರಾ?’

‘ಅನ್ನಬಹುದು.’

‘ಇಳೀತಾ ಇತ್ತಲ್ರೀ,’ ಎಂದಳು. ಕಣ್ಣು ತುಂಬಿತ್ತು. ‘ಎಷ್ಟು ವರ್ಷದ ಮೇಲೆ ಇಳೀತಾ ಇತ್ತು.’

ನಾನು ಅವಳನ್ನು ಕಳೆದುಕೊಳ್ಳುವ ಭಯದಲ್ಲಿ ಕುಳಿತಿದ್ದೆ; ಅವಳು ಆಗಷ್ಟೇ ಸಿಕ್ಕಿದ್ದ ತನ್ನನ್ನು ಮತ್ತೆ ಕಳೆದುಕೊಳ್ಳುವ ಭಯದಲ್ಲಿದ್ದಳು. ಒಂದೇ ದಿವಾನದ ಮೇಲೆ ಎರಡು ಭಯಗಳು ಪರಸ್ಪರ ಪರಿಚಯವಿಲ್ಲದೆ ಕುಳಿತಿದ್ದವು.

ಮರುದಿನದ ವರದಿಯಲ್ಲಿ ಥೈರಾಯ್ಡ್ ಹಾರ್ಮೋನು ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಡಾಕ್ಟರಮ್ಮ ನಮ್ಮ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ತಿರುಗಿಸಿ ತಿರುಗಿಸಿ ಓದಿದರು. ‘ಇದರೊಳಗೆ ನಿಜವಾಗಿ ಏನಿದೆ ಅಂತ ನಂಗೆ ಗೊತ್ತಿಲ್ಲಮ್ಮ. ಮೇಲೆ ಬರೆದಿರೋದೇ ಒಳಗಿರಬೇಕು ಅಂತಿಲ್ಲ. ಕಡಲಪಾಚೀಲಿ ಅಯೋಡಿನ್ ಜಾಸ್ತಿ ಆದ್ರೂ ಥೈರಾಯ್ಡ್ ಕೆಡತ್ತೆ. ಕೆಲವದರಲ್ಲಿ ಹಾರ್ಮೋನನ್ನೇ ಸೇರಿಸಿರ್ತಾರೆ, ಹೇಳದೇನೇ.’

‘ಹಾಗಾದ್ರೆ ಹಾರ್ಮೋನಿನಿಂದ ತೂಕ ಇಳಿಯೋದು ಸುಳ್ಳಲ್ಲ?’ ಎಂದು ನಾನು ಕೇಳಿದೆ. ಗಿರಿಜೆಯ ಪರವಾಗಿ ಕೇಳಿದ್ದು ಅದು.

‘ಇಳಿಯತ್ತೆ ಸರ್. ಮೈಯಲ್ಲಿ ಅದು ಅತಿಯಾದ್ರೆ ಕೊಬ್ಬಿನ ಜೊತೆ ಸ್ನಾಯು ಕರಗತ್ತೆ, ಮೂಳೆ ಸವೆಯತ್ತೆ, ಹೃದಯ ಹೀಗೆ ಓಡತ್ತೆ. ಆ ಥರ ಇಳಿಯೋದು ಬೇಕಾ? ಕಡಿಮೆ ಇರೋದನ್ನ ಸರಿ ಮಾಡೋಕೆ ಅಂತ ಮಾತ್ರೆ ಇರೋದು. ಸರಿಯಾದ್ರೆ ಅದರಿಂದ ಬಂದಿದ್ದ ಊತ, ತೂಕ ಸ್ವಲ್ಪ ಇಳಿಯತ್ತೆ. ಸ್ವಲ್ಪವೇ.’ ಆಮೇಲೆ ಹಳೆಯ ವರದಿಗಳನ್ನು ಮಗುಚುತ್ತ ಹುಬ್ಬು ಗಂಟಿಕ್ಕಿದರು. ‘ಆದರೆ ಇದಕ್ಕೆ ಮುಂಚೆ ನಾನು ಎಷ್ಟು ಡೋಸ್ ಏರಿಸಿದ್ರೂ ನಿಮಗೆ ಹತ್ತಲೇ ಇಲ್ಲ. ಮಾತ್ರೆ ಹೇಗೆ ತೊಗೋತಿದ್ರಿ?’

‘ಬರಿಹೊಟ್ಟೇಲೇ ಡಾಕ್ಟ್ರೇ. ಒಂದಿನಾನೂ ತಪ್ಪಿಸಿಲ್ಲ.’

‘ಎಷ್ಟು ನೀರಲ್ಲಿ?’

‘ನೀರಲ್ಲಲ್ಲ. ಕಾಫೀಲಿ.’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಕಾಫಿ ಜೊತೆನಾ?’

‘ಬರೀ ಕಾಫಿ,’ ಎಂದು ಗಿರಿಜೆ ಭರವಸೆ ಕೊಟ್ಟಳು. ‘ತಿಂಡಿಯೆಲ್ಲ ಆಮೇಲೇನೇ.’

ಆ ಕ್ಷಣದವರೆಗೂ ಇದರಲ್ಲಿ ಏನಾದರೂ ದೋಷವಿದೆಯೆಂದು ನನಗೂ ಹೊಳೆದಿರಲಿಲ್ಲವೆಂಬುದನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ನಮ್ಮ ಅಜ್ಜಿ ಲಿಂಗಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟದ ನಿಷ್ಠಾವಂತೆ ಎಂದು ಕಾಟನ್‌ಪೇಟೆಯ ಬೀದಿಯೆಲ್ಲ ಹೆಸರಾಗಿದ್ದವರು. ಪೂಜೆಗೆ ಕೂರುವ ಮುನ್ನ ಒಂದು ಲೋಟ, ಹೂವು ಬರುವುದು ತಡವಾದರೆ ಇನ್ನರ್ಧ ಲೋಟ ಕಾಫಿ ಅವರಿಗೆ ಆಗಬೇಕಿತ್ತು. ಇದರಿಂದ ಅವರ ನಿಷ್ಠೆಗೆ ಭಂಗ ಬಂತೆಂದು ಅವರೂ ತಿಳಿಯಲಿಲ್ಲ, ಮಠದ ಅಯ್ಯನವರೂ ಅನ್ನಲಿಲ್ಲ. ಅಯ್ಯನವರಿಗೂ ಅದೇ ಹೊತ್ತಿಗೆ ಲೋಟ ಹೋಗುತ್ತಿತ್ತು. ಶಿವರಾತ್ರಿಯ ಉಪವಾಸದಲ್ಲಿ ಹಣ್ಣು ತಿನ್ನಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆಯುತ್ತಿದ್ದದ್ದೂ ಕಾಫಿ ಕುಡಿಯುತ್ತಲೇ. ಅದು ಆಹಾರವೂ ಅಲ್ಲ, ಪಾನೀಯವೂ ಅಲ್ಲ. ಬೆಳಕು ಹರಿಯುವ ಕ್ರಿಯೆಯ ಒಂದು ಅಂಗ. ಮನೆಯ ಸೊಸೆಯಾಗಿ ಬಂದ ಗಿರಿಜೆ ಇದೆಲ್ಲವನ್ನೂ ಅಜ್ಜಿಯಿಂದಲೇ ಕಲಿತವಳು. ಮೂರು ರಕ್ತಪರೀಕ್ಷೆಗಳಾದರೂ ಕಾಫಿಯ ವಿಷಯ ಬಾಯಿಗೆ ಬಾರದೆ ಹೋದದ್ದಕ್ಕೆ ಕಾರಣ, ಹೇಳಬೇಕಾದದ್ದು ಅಲ್ಲಿ ಇದೆಯೆಂದೇ ನಮಗೆ ತಿಳಿಯದಿದ್ದದ್ದು. ಆ ಸಾಸಿವೆಯಷ್ಟು ಮಾತ್ರೆಯನ್ನು ಮೈಗೆ ಹತ್ತಗೊಡದೆ ಕಾಫಿ ಅಷ್ಟು ಕಾಲ ದಿನವೂ ತಡೆದಿಟ್ಟಿತ್ತು. ನಾವು ತಪ್ಪನ್ನೆಲ್ಲ ಅವಳ ಮೈಯ ಮೇಲೆ ಹೊರಿಸಿದ್ದೆವು.

ಡಬ್ಬಿಗಳು ಅಲ್ಲೇ ಉಳಿದವು. ಕೆಲವು ದಿನ ಮಾತ್ರೆಯೂ ಬೇಡ, ಆಮೇಲೆ ಮೊಟ್ಟಮೊದಲಿನ ಸಣ್ಣ ಪ್ರಮಾಣ, ನೀರಿನಲ್ಲಿ. ಅದಾದ ಒಂದು ಗಂಟೆಯ ಮೇಲೆ ಕಾಫಿ ಎಂದು ಅಪ್ಪಣೆಯಾಯಿತು. ವಿಷಯ ತಿಳಿದ ಪ್ರಭಾಮಣಿಯವರು ತಮ್ಮ ಅತ್ತಿಗೆಯನ್ನು ಎಳೆದುಕೊಂಡು ರಕ್ತ ಪರೀಕ್ಷೆಗೆ ಹೋದರಂತೆ. ಪಾಪ, ಅವರಿಗೂ ಆ ಡಬ್ಬಿಗಳ ಮೇಲೆ ನಿಜವಾದ ನಂಬಿಕೆಯೇ ಇತ್ತು.

ಗಿರಿಜೆಯ ತೂಕ ಮತ್ತೆ ಸ್ವಲ್ಪ ಏರಿತು, ಅವಳು ಹೆದರಿದ್ದಂತೆಯೇ. ರೇಷ್ಮೆ ಸೀರೆ ಮಾತ್ರ ಮತ್ತೆ ತಳಕ್ಕೆ ಹೋಗಲಿಲ್ಲ. ರವಿಕೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದಳು. ಕೆಲವು ತಿಂಗಳಲ್ಲಿ ಮುಖದ ಊತ ಇಳಿಯಿತು, ಮೆಟ್ಟಿಲು ಹತ್ತುವಾಗ ಮಾತಾಡತೊಡಗಿದಳು, ತೂಕದ ಯಂತ್ರದ ಮುಳ್ಳು ಸಂಕೋಚದಿಂದ ತುಸು ಹಿಂದೆ ಸರಿಯಿತು. ಅಕ್ಕನ ಮನೆಯ ಸೀಮಂತಕ್ಕೆ ಹೋಗಿ, ಅಕ್ಕ ಬಾಯಿ ತೆರೆಯುವ ಮುನ್ನವೇ ‘ಒಂದೇ ಕುರ್ಚಿ ಸಾಕು ಕಣೇ, ಗಟ್ಟೀದು ಹಾಕ್ಸು’ ಎಂದು ಕುಳಿತಳು.

ನನಗೆ ಮಾತ್ರ ಗಾಂಧಿಬಜಾರಿನ ಆ ಮೆಟ್ಟಿಲು ಮರೆಯುವುದಿಲ್ಲ. ಬೆಳಗಿನ ಆ ಒಂದು ಗಂಟೆ ನಾವಿಬ್ಬರೂ ಜಗುಲಿಯಲ್ಲಿ ಕೂರುತ್ತೇವೆ. ಅವಳೆದುರು ನಾನೊಬ್ಬನೇ ಕಾಫಿ ಹೀರುವುದು ಅಧರ್ಮವಾದ್ದರಿಂದ ನಾನೂ ಆ ತಪಸ್ಸಿನಲ್ಲಿ ಪಾಲುದಾರ. ಪತ್ರಿಕೆ ಓದುವ ನೆಪದಲ್ಲಿ ಅವಳ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟುಕೊಂಡು, ಅವಳಿಗೆ ತಿಳಿಯದಂತೆ ಮಣಿಕಟ್ಟಿನ ಮೇಲೆ ಬೆರಳಿಡುತ್ತೇನೆ. ಈ ವಯಸ್ಸಿನಲ್ಲಿ, ಜಗುಲಿಯಲ್ಲಿ, ಹಾಲಿನವನ ಕಣ್ಣೆದುರಿಗೆ ಹೆಂಡತಿಯ ಕೈ ಹಿಡಿದು ಕೂರುವುದಕ್ಕೆ ನಮ್ಮ ಬೀದಿಯಲ್ಲಿ ಪೂರ್ವನಿದರ್ಶನವಿಲ್ಲ. ಮೊನ್ನೆ ಹಾಗೆ ಕುಳಿತಿದ್ದಾಗ ಬೆರಳ ಕೆಳಗೆ ಬಡಿತ ಧಡಧಡನೆ ಓಡುತ್ತಿರುವಂತೆ ತೋರಿ, ಪತ್ರಿಕೆಯನ್ನು ಕೆಳಗಿಳಿಸಿದೆ.

‘ಗಿರಿಜಾ, ಎದೆ ಹೊಡ್ಕೋತಿದೆಯಾ?’

‘ಇಲ್ಲವಲ್ಲ,’ ಎಂದಳು. ಕೈಯನ್ನು ಬಿಡಿಸಿಕೊಂಡು, ನನ್ನ ಹೆಬ್ಬೆರಳನ್ನು ಹಿಡಿದು ನೋಡಿದಳು. ‘ನಾಡಿ ಹೆಬ್ಬೆರಳಲ್ಲಿ ನೋಡ್ತಾರೇನ್ರೀ? ಅದು ನಿಮ್ಮದೇ ಬಡಿತ. ದಿನಾ ಇಲ್ಲಿ ಕೂತು ನಿಮ್ಮದನ್ನೇ ಎಣಿಸ್ಕೋತಿದೀರಿ.’

ಎಷ್ಟು ದಿನದಿಂದ ಗೊತ್ತಿತ್ತೋ ಅವಳಿಗೆ. ಪತ್ರಿಕೆಯನ್ನು ಮೇಲೆತ್ತಿ ಮುಖಕ್ಕೆ ಅಡ್ಡ ಹಿಡಿದೆ. ಅವಳು ಅದನ್ನು ಕೆಳಗೆಳೆದು, ನನ್ನ ಮಣಿಕಟ್ಟಿಗೆ ತನ್ನ ಮೂರು ಬೆರಳುಗಳನ್ನು ಸರಿಯಾದ ಜಾಗ ಹುಡುಕಿ ಇಟ್ಟಳು. ಬಡಿತ ನಿಧಾನವಾಗುವವರೆಗೆ ತೆಗೆಯಲಿಲ್ಲ.